ನಟ್ಟು-ಬೋಲ್ಟಿಗೆ ಒಂದೇ ಲೆಕ್ಕ ಕೊಟ್ಟ ಫಿಟ್ಟರ್: ಜೋಸೆಫ್ ವಿಟ್‌ವರ್ತ್

ಪ್ಲಾಂಟಿನಲ್ಲೋ ಸೈಟಿನಲ್ಲೋ ಗ್ಯಾರೇಜಿನಲ್ಲೋ ಮೆಂಟೆನೆನ್ಸ್ ಕೆಲಸ ಮಾಡುವ ನಮ್ಮವರಿಗೆ ಇದು ಹೊಸ ಕಥೆ ಅಲ್ಲ. ವಾರದ ಮೊದಲ ದಿನ ಬಿಗಿದ ಬೋಲ್ಟು ರಜೆ ಬರುವುದರೊಳಗೆ ಮತ್ತೆ ಲೂಸ್. ತಾರಸಿ ಮೇಲಿನ ಚಿಲ್ಲರ್ ಫ್ಯಾನ್ ಇರಬಹುದು, ಜನರೇಟರಿನ ಕಾಲು ಇರಬಹುದು, ಪಂಪಿನ ಫ್ಲೇಂಜ್ ಇರಬಹುದು. ಫೋರ್‌ಮನ್ ಬಂದು ಬೈತಾನೆ. ನಾವು ಸ್ಪಾನರಿಗೆ ಒಂದು ಪೈಪು ಸಿಕ್ಕಿಸಿ ಇನ್ನೂ ಜೋರಾಗಿ ಬಿಗಿಯುತ್ತೇವೆ. ಅದೂ ಆಗಲಿಲ್ಲ ಅಂದ್ರೆ ಇನ್ನೊಂದು ನಟ್ಟು, ಇನ್ನೆರಡು ವಾಷರ್. ಕೊನೆಗೆ ವೆಲ್ಡಿಂಗ್ ಹೊಡೆದು ಕೈ ತೊಳೆದುಕೊಳ್ಳುತ್ತೇವೆ. ಮುಂದೆ ಅದನ್ನು ಬಿಚ್ಚಬೇಕಾಗಿ ಬಂದಾಗ ಬೇರೆ ಯಾರೋ ನಮಗೆ ಶಾಪ ಹಾಕುತ್ತಾರೆ.

ಇನ್ನೂರು ವರ್ಷದ ಹಿಂದೆ ಇಂಗ್ಲೆಂಡಿನ ಗಿರಣಿಗಳಲ್ಲೂ ಹೆಚ್ಚುಕಡಿಮೆ ಇದೇ ಪಾಡು. ಆಗ ಅಲ್ಲಿ ಒಬ್ಬ ಫಿಟ್ಟರ್ ಇದ್ದ. ಬೋಲ್ಟನ್ನು ಇನ್ನೂ ಜೋರಾಗಿ ಬಿಗಿಯುವ ದಾರಿ ಹುಡುಕುವ ಬದಲು, ಅದರ ಥ್ರೆಡ್ ಸರಿ ಇದೆಯಾ, ಅದು ಕೂತುಕೊಳ್ಳುವ ಜಾಗ ಸಪಾಟಾಗಿದೆಯಾ, ಈ ಎರಡನ್ನು ಅಳೆಯುವುದು ಹೇಗೆ ಎಂಬುದರ ಬೆನ್ನು ಹತ್ತಿದ. ಹೆಸರು ಜೋಸೆಫ್ ವಿಟ್‌ವರ್ತ್. ಐಟಿಐನಲ್ಲಿ ಫಿಟ್ಟರ್ ಟ್ರೇಡ್ ಓದಿದವರಿಗೆ ಈ ಹೆಸರು ನೆನಪಿದ್ದೀತು. ಬಿ.ಎಸ್.ಡಬ್ಲ್ಯೂ. ಥ್ರೆಡ್, 55 ಡಿಗ್ರಿ ಕೋನ ಅಂತ ಪರೀಕ್ಷೆಗೆ ಬಾಯಿಪಾಠ ಮಾಡಿದ್ದೇವಲ್ಲ, ಅದರಲ್ಲಿರುವ ಡಬ್ಲ್ಯೂ ಇವನೇ. ಆ ಒಂದು ಅಕ್ಷರದ ಹಿಂದೆ ಒಬ್ಬ ಊರು ಬಿಟ್ಟು ದುಡಿದ ಕೆಲಸಗಾರನ ಬದುಕಿದೆ. ಅದನ್ನೇ ಇವತ್ತು ಹೇಳುತ್ತೇನೆ.

ಮನೆ ಬಿಟ್ಟ ಹುಡುಗ

ವಿಟ್‌ವರ್ತ್ ಹುಟ್ಟಿದ್ದು 1803ರ ಡಿಸೆಂಬರ್ 21ರಂದು, ಮ್ಯಾಂಚೆಸ್ಟರ್ ಪಕ್ಕದ ಸ್ಟಾಕ್‌ಪೋರ್ಟ್ ಎಂಬ ಊರಿನಲ್ಲಿ. ಅಪ್ಪ ಚಾರ್ಲ್ಸ್ ಶಾಲೆ ಮೇಷ್ಟ್ರು, ಆಮೇಲೆ ಚರ್ಚಿನ ಬೋಧಕರಾದವರು. ಹುಡುಗನಿಗೆ ಹತ್ತು ವರ್ಷ ದಾಟುತ್ತಿದ್ದ ಹಾಗೆ ಅಮ್ಮ ತೀರಿಕೊಂಡಳು. ಮನೆ ಚದುರಿತು. ಸ್ವಲ್ಪ ಕಾಲ ಲೀಡ್ಸ್ ಹತ್ತಿರದ ಒಂದು ಶಾಲೆಯಲ್ಲಿ ಓದಿಸಿದರು. ಹದಿನಾಲ್ಕಕ್ಕೆ ಓದು ಮುಗಿಯಿತು. ಡರ್ಬಿಶೈರಿನಲ್ಲಿ ಹತ್ತಿ ನೂಲುವ ಗಿರಣಿ ಇಟ್ಟುಕೊಂಡಿದ್ದ ಸೋದರಮಾವನ ಹತ್ತಿರ ಕೆಲಸ ಕಲಿಯಲು ಕಳಿಸಿದರು.

ಮಾವನ ಲೆಕ್ಕಾಚಾರ ಏನೆಂದರೆ ಹುಡುಗ ವ್ಯಾಪಾರ ಕಲಿತು ಮುಂದೆ ಗಿರಣಿಯ ಪಾಲುದಾರನಾಗಲಿ ಎಂದು. ಹುಡುಗನಿಗೆ ಹತ್ತಿಯ ದರದಲ್ಲಿ ಆಸಕ್ತಿ ಇರಲಿಲ್ಲ. ಅವನ ಕಣ್ಣೆಲ್ಲ ಯಂತ್ರಗಳ ಮೇಲೆ. ನಾಲ್ಕು ವರ್ಷದಲ್ಲಿ ಅಲ್ಲಿದ್ದ ಒಂದೊಂದು ಯಂತ್ರವನ್ನೂ ಬಿಚ್ಚಿ ಜೋಡಿಸುವಷ್ಟು ತಿಳಿದುಕೊಂಡ. ನೂಲಿನ ಗಿರಣಿ ಎಂದರೆ ಬೆಳಗಿನಿಂದ ರಾತ್ರಿವರೆಗೆ ಗಡಗಡ ಅದುರುವ ಜಾಗ. ಉದ್ದನೆಯ ಶಾಫ್ಟುಗಳು, ಬೆಲ್ಟುಗಳು, ನೂರಾರು ಕದಿರುಗಳು. ಅದುರಿದಷ್ಟೂ ಜೋಡಣೆ ಸಡಿಲ, ಸಡಿಲವಾದಷ್ಟೂ ಇನ್ನಷ್ಟು ಅದುರು. ಆ ಕಾಲದ ಯಂತ್ರಗಳ ಕೆಲಸ ಎಷ್ಟು ಒರಟು ಎಂಬುದು ಅವನಿಗೆ ಅಲ್ಲೇ ಗೊತ್ತಾಯಿತು.

ಹದಿನೆಂಟರ ಹೊತ್ತಿಗೆ ಅವನು ಮಾವನ ಮನೆಯಿಂದ ಓಡಿಹೋದ. ಪಾಲುದಾರಿಕೆ, ಮುಂದಿನ ಆಸ್ತಿ ಎಲ್ಲ ಬಿಟ್ಟು ಮ್ಯಾಂಚೆಸ್ಟರಿಗೆ ಬಂದು ಯಂತ್ರ ತಯಾರಿಸುವ ಒಂದು ಶಾಪಿನಲ್ಲಿ ಸಾದಾ ಮೆಕ್ಯಾನಿಕ್ ಆಗಿ ಸೇರಿದ. ಮುಂದಿನ ನಾಲ್ಕು ವರ್ಷ ಅಲ್ಲಿನ ಬೇರೆ ಬೇರೆ ವರ್ಕ್‌ಶಾಪುಗಳಲ್ಲಿ ಕೂಲಿಗೆ ದುಡಿದ.

ಪ್ರತಿ ಬೋಲ್ಟಿಗೂ ಒಂದೇ ಜೋಡಿ

ಆಗಿನ ನಟ್ಟು-ಬೋಲ್ಟು ಹೇಗಿತ್ತು ಗೊತ್ತಾ? ಇವತ್ತು ಅಂಗಡಿಗೆ ಹೋಗಿ ಎಂ-12 ನಟ್ಟು ಕೊಡಿ ಅಂದ್ರೆ ಯಾವ ದೇಶದಲ್ಲಿ ಮಾಡಿದ್ದಾದರೂ ನಮ್ಮ ಬೋಲ್ಟಿಗೆ ಕೂರುತ್ತದೆ. ಆಗ ಹಾಗಿರಲಿಲ್ಲ. ಒಂದೊಂದು ವರ್ಕ್‌ಶಾಪಿಗೂ ಅದರದ್ದೇ ಟ್ಯಾಪು, ಅದರದ್ದೇ ಡೈ. ಸೈಟಿನ ಹಿಂದಿಯಲ್ಲಿ ನಾವು ಚೂಡಿ ಅನ್ನುತ್ತೇವಲ್ಲ, ಆ ಥ್ರೆಡ್ ಒಂದು ಕಡೆ ಇಂಚಿಗೆ ಹತ್ತು, ಇನ್ನೊಂದು ಕಡೆ ಹನ್ನೊಂದು. ಒಬ್ಬನದ್ದು ಚೂಪು, ಮತ್ತೊಬ್ಬನದ್ದು ಮೊಂಡು. ಎಷ್ಟೋ ಶಾಪುಗಳಲ್ಲಿ ಒಂದೇ ದಿನ ಮಾಡಿದ ಎರಡು ಬೋಲ್ಟು ಕೂಡ ಒಂದೇ ಥರ ಇರುತ್ತಿರಲಿಲ್ಲ. ಹಾಗಾಗಿ ಯಂತ್ರ ಬಿಚ್ಚುವಾಗ ಯಾವ ಬೋಲ್ಟಿಗೆ ಯಾವ ನಟ್ಟು ಅಂತ ಗುರುತು ಹಾಕಿಡಬೇಕಿತ್ತು. ಗುರುತು ತಪ್ಪಿದರೆ ಮುಗಿಯಿತು. ಒಂದು ನಟ್ಟು ಕಳೆದುಹೋದರೆ ಅಳತೆ ತೆಗೆದು ಹೊಸದನ್ನು ಕೈಯಲ್ಲೇ ಕೊರೆಯಬೇಕು.

ಸರಿಯಾಗಿ ಹೊಂದದ ನಟ್ಟನ್ನು ಬಲವಂತದಿಂದ ತಿರುಗಿಸಿದರೆ ಏನಾಗುತ್ತದೆ ಎಂದು ನಮಗೂ ಗೊತ್ತು. ಬಿಗಿಯಾದ ಹಾಗೆ ಕಾಣುತ್ತದೆ. ಒಳಗೆ ಮಾತ್ರ ಥ್ರೆಡ್ಡಿನ ಎರಡು ಮೂರು ಕಡೆ ಅಷ್ಟೇ ಲೋಹಕ್ಕೆ ಲೋಹ ತಾಗಿರುತ್ತದೆ. ಭಾರವೆಲ್ಲ ಆ ಚೂರು ಜಾಗದ ಮೇಲೆ. ಯಂತ್ರ ಓಡಿದ ಹಾಗೆ ಆ ಉಬ್ಬುಗಳು ಜಜ್ಜಿಹೋಗುತ್ತವೆ, ಬಿಗಿ ಇಳಿಯುತ್ತದೆ.

ಲಂಡನ್ನಿನ ಮೂರು ತಟ್ಟೆಗಳು

1825ರಲ್ಲಿ ವಿಟ್‌ವರ್ತ್ ಫ್ಯಾನಿ ಎಂಬ ಹುಡುಗಿಯನ್ನು ಮದುವೆಯಾದ. ಅವಳ ಅಪ್ಪ ಸರಕಿನ ದೋಣಿ ನಡೆಸುವವನು. ಗಂಡ ಹೆಂಡತಿ ಸೇರಿ ಕೆಲಸ ಹುಡುಕಿಕೊಂಡು ಲಂಡನ್ನಿಗೆ ಹೊರಟರು. ರೈಲು ಇಲ್ಲದ ಕಾಲ, ಕುದುರೆ ಗಾಡಿಯ ದಾರಿ. ಮ್ಯಾಂಚೆಸ್ಟರಿನವರಿಗೆ ಲಂಡನ್ ಅಂದರೆ ಆಗ ನಮಗೆ ದುಬೈ, ದೋಹಾ ಇದ್ದ ಹಾಗೆ.

ಅಲ್ಲಿ ಅವನಿಗೆ ಕೆಲಸ ಸಿಕ್ಕಿದ್ದು ಹೆನ್ರಿ ಮಾಡ್ಸ್ಲೆ ಎಂಬಾತನ ವರ್ಕ್‌ಶಾಪಿನಲ್ಲಿ. ಮಾಡ್ಸ್ಲೆ ಆ ಕಾಲದ ಯಂತ್ರದವರ ಗುರು. 1800ರ ಆಸುಪಾಸಿನಲ್ಲೇ ಥ್ರೆಡ್ ಕೊರೆಯುವ ಒಳ್ಳೆಯ ಲೇತ್ ಮಾಡಿದ್ದ. ತನ್ನ ಶಾಪಿನ ಮಟ್ಟಿಗೆ ಸ್ಕ್ರೂಗಳೆಲ್ಲ ಒಂದೇ ಅಳತೆಯಲ್ಲಿ ಇರಬೇಕೆಂದು ಪಟ್ಟು ಹಿಡಿದಿದ್ದ. ಅಳತೆಯಲ್ಲಿ ಜಗಳ ಬಂದರೆ ತೀರ್ಪು ಹೇಳಲು ಅವನ ಬಳಿ ಒಂದು ಮೈಕ್ರೋಮೀಟರ್ ಇತ್ತು. ಅದಕ್ಕೆ ಅವನು ದೊಡ್ಡ ನ್ಯಾಯಾಧೀಶರ ಹೆಸರನ್ನೇ ಇಟ್ಟಿದ್ದ.

ಈ ಶಾಪಿನಲ್ಲಿದ್ದಾಗ ವಿಟ್‌ವರ್ತನನ್ನು ಹಿಡಿದ ಪ್ರಶ್ನೆ ಸಪಾಟುತನದ್ದು. ಪೂರ್ತಿ ಸಪಾಟಾದ ಒಂದು ಕಬ್ಬಿಣದ ತಟ್ಟೆ, ಅಂದರೆ ಈಗ ನಾವು ಸರ್ಫೇಸ್ ಪ್ಲೇಟ್ ಅನ್ನುವುದು, ಅದನ್ನು ಮಾಡುವುದು ಹೇಗೆ? ಆಗಿನವರು ಎರಡು ತಟ್ಟೆಗಳ ನಡುವೆ ಎಮರಿ ಪುಡಿ ಹಾಕಿ ಉಜ್ಜುತ್ತಿದ್ದರು. ಪುಡಿ ಎಲ್ಲ ಕಡೆ ಸಮನಾಗಿ ನಿಲ್ಲುವುದಿಲ್ಲ, ಒಂದು ಕಡೆ ಹೆಚ್ಚು ತಿನ್ನುತ್ತದೆ, ಇನ್ನೊಂದು ಕಡೆ ಬಿಡುತ್ತದೆ. ಇನ್ನೂ ಒಂದು ಮೋಸ ಇದೆ. ಒಂದು ತಟ್ಟೆ ಸ್ವಲ್ಪ ಉಬ್ಬಿ, ಇನ್ನೊಂದು ಅಷ್ಟೇ ತಗ್ಗಿದ್ದರೆ ಎರಡೂ ಚೆನ್ನಾಗಿ ಅಂಟಿ ಕೂರುತ್ತವೆ. ನೋಡಿದವರು ಎರಡೂ ಸಪಾಟು ಅಂದುಕೊಳ್ಳುತ್ತಾರೆ.

ವಿಟ್‌ವರ್ತ್ ಉಜ್ಜುವುದನ್ನು ಬಿಟ್ಟು ಕೆರೆಯುವುದನ್ನು ಹಿಡಿದ. ತಟ್ಟೆಗೆ ತೆಳ್ಳಗೆ ಬಣ್ಣ ಹಚ್ಚಿ ಇನ್ನೊಂದಕ್ಕೆ ತಾಗಿಸುವುದು, ಬಣ್ಣ ಅಂಟಿದ ಉಬ್ಬುಗಳನ್ನು ಮಾತ್ರ ಚೂಪು ಸ್ಕ್ರೇಪರಿನಿಂದ ಕೆರೆಯುವುದು, ಮತ್ತೆ ತಾಗಿಸಿ ನೋಡುವುದು. ಅದೂ ಎರಡು ತಟ್ಟೆ ಅಲ್ಲ, ಮೂರು. ಒಂದನೆಯದು ಎರಡನೆಯದಕ್ಕೆ, ಎರಡನೆಯದು ಮೂರನೆಯದಕ್ಕೆ, ಮೂರನೆಯದು ಮತ್ತೆ ಒಂದನೆಯದಕ್ಕೆ. ಇಬ್ಬರು ಸೇರಿ ಸುಳ್ಳು ಹೇಳಬಹುದು, ಮೂರನೆಯವನು ಬಂದರೆ ಸಿಕ್ಕಿಬೀಳುತ್ತಾರೆ. ಮೂರೂ ತಟ್ಟೆಗಳು ಒಂದಕ್ಕೊಂದು ಸರಿಯಾಗಿ ಕೂತವು ಅಂದರೆ ಮೂರೂ ಸಪಾಟಾಗಿರಲೇಬೇಕು, ಬೇರೆ ದಾರಿಯೇ ಇಲ್ಲ. ಮಾಡ್ಸ್ಲೆಯ ಶಾಪಿನಲ್ಲಿ ಸಪಾಟು ತಟ್ಟೆ ಇಟ್ಟುಕೊಂಡು ಕೆಲಸ ಮಾಡುವ ಪದ್ಧತಿ ಮೊದಲೇ ಇತ್ತು. ಕೆರೆದೇ ಮುಗಿಸಬೇಕು, ಉಜ್ಜಬಾರದು ಎಂಬುದನ್ನು ಗಟ್ಟಿ ಮಾಡಿ ಎಲ್ಲರಿಗೂ ಕಲಿಸಿದ್ದು ವಿಟ್‌ವರ್ತ್. ಅವನು ಈ ಕೆಲಸ ಮಾಡುತ್ತಿದ್ದಾಗ ಪಕ್ಕದ ಬೆಂಚಿನಲ್ಲಿ ಇದ್ದವನು ಜಾನ್ ಹ್ಯಾಂಪ್ಸನ್, ಶಾಪಿನ ಅತ್ಯುತ್ತಮ ಕೈಗಳಲ್ಲಿ ಒಬ್ಬ. ಮೊದಲ ಒಳ್ಳೆಯ ತಟ್ಟೆ ಕಂಡು ಬೆರಗಾದವನೂ ಅವನೇ.

ಬೋಲ್ಟಿನ ವಿಷಯಕ್ಕೂ ತಟ್ಟೆಯ ವಿಷಯಕ್ಕೂ ಏನು ಸಂಬಂಧ ಅಂತ ಕೇಳಬಹುದು. ಬೋಲ್ಟು ಎರಡು ಮುಖಗಳನ್ನು ಒತ್ತಿ ಹಿಡಿಯುತ್ತದೆ. ಆ ಮುಖಗಳು ಉಬ್ಬು ತಗ್ಗಾಗಿದ್ದರೆ ಎಷ್ಟು ಬಿಗಿದರೂ ಉಬ್ಬುಗಳು ಜಜ್ಜಿದ ಹಾಗೆ ಸಡಿಲ ಬರುತ್ತದೆ. ಥ್ರೆಡ್ ಸರಿ ಇದ್ದು ಕೂರುವ ಜಾಗ ಸರಿ ಇಲ್ಲದಿದ್ದರೆ ಪ್ರಯೋಜನ ಇಲ್ಲ.

ಬೋರ್ಡಿನ ಮೇಲೆ ಲಂಡನ್

ಮಾಡ್ಸ್ಲೆಯ ಶಾಪು ಬಿಟ್ಟ ಮೇಲೆ ಅವನು ಲಂಡನ್ನಿನಲ್ಲೇ ಹೋಲ್ಟ್ಸಾಪ್‌ಫೆಲ್ ಎಂಬ ಲೇತ್ ತಯಾರಕರ ಹತ್ತಿರ, ನಂತರ ಜೋಸೆಫ್ ಕ್ಲೆಮೆಂಟ್ ಎಂಬಾತನ ಹತ್ತಿರ ದುಡಿದ. ಚಾರ್ಲ್ಸ್ ಬ್ಯಾಬೇಜನ ಲೆಕ್ಕದ ಯಂತ್ರಕ್ಕೆ, ಅಂದರೆ ಕಂಪ್ಯೂಟರಿನ ಮುತ್ತಜ್ಜ ಅನ್ನುವ ಯಂತ್ರಕ್ಕೆ, ಬಿಡಿಭಾಗ ಮಾಡುತ್ತಿದ್ದವನು ಈ ಕ್ಲೆಮೆಂಟ್. ಹೀಗೆ ಎಂಟು ವರ್ಷ ದೇಶದ ಅತಿ ಒಳ್ಳೆಯ ಶಾಪುಗಳಲ್ಲಿ ಕೈ ಪಳಗಿಸಿಕೊಂಡು 1833ರಲ್ಲಿ ವಿಟ್‌ವರ್ತ್ ಮ್ಯಾಂಚೆಸ್ಟರಿಗೆ ವಾಪಸ್ ಬಂದ.

ಆವಿ ಯಂತ್ರದ ಶಕ್ತಿ ಸಿಗುವ ಒಂದು ಕೋಣೆಯನ್ನು ಬಾಡಿಗೆಗೆ ಹಿಡಿದು, ಹೊರಗೆ ಬೋರ್ಡು ಹಾಕಿದ. ಅದರಲ್ಲಿ ತನ್ನ ಹೆಸರು, ಟೂಲ್ ತಯಾರಕ ಎಂಬ ಕಸುಬು, ಜೊತೆಗೆ ಲಂಡನ್ನಿನಿಂದ ಬಂದವನು ಎಂಬ ಮಾತು. ನಮ್ಮ ಊರಿನ ಪೇಟೆಯಲ್ಲಿ ದುಬೈ ಟೈಲರ್ಸ್, ಗಲ್ಫ್ ಬೇಕರಿ ಅಂತ ಬೋರ್ಡು ಕಾಣುತ್ತದಲ್ಲ ಮಾರಾಯ್ರೆ, ಅದೇ ಕಥೆ. ಆದರೆ ಈತ ತಂದದ್ದು ಬರೀ ಹೆಸರಲ್ಲ. ಆ ಶಾಪುಗಳಲ್ಲಿ ಕಂಡ ಶಿಸ್ತನ್ನು ತಂದ. ಅವನ ಲೇತ್, ಪ್ಲೇನಿಂಗ್, ಡ್ರಿಲ್ಲಿಂಗ್ ಯಂತ್ರಗಳಿಗೆ ಬೇಗ ಹೆಸರು ಬಂತು. ನಡುವೆ ಬೀದಿ ಗುಡಿಸುವ ಒಂದು ಕುದುರೆ ಗಾಡಿ ಯಂತ್ರವನ್ನೂ ಮಾಡಿದ, ಮ್ಯಾಂಚೆಸ್ಟರಿನ ಕೊಳಕು ಬೀದಿಗಳನ್ನು ಅದು ಗುಡಿಸಿತು. 1840ರಲ್ಲಿ ಗ್ಲಾಸ್ಗೋದಲ್ಲಿ ವಿಜ್ಞಾನಿಗಳ ಸಭೆಯ ಮುಂದೆ ನಿಂತು ಮೂರು ತಟ್ಟೆಯ ವಿಧಾನವನ್ನು ವಿವರಿಸಿದ.

ಎಲ್ಲರ ಬೋಲ್ಟು ತರಿಸಿ ನೋಡಿದ

ಅದರ ಮರುವರ್ಷ, 1841ರಲ್ಲಿ, ಲಂಡನ್ನಿನ ಸಿವಿಲ್ ಇಂಜಿನಿಯರುಗಳ ಸಂಸ್ಥೆಯ ಮುಂದೆ ಅವನು ಸ್ಕ್ರೂ ಥ್ರೆಡ್ಡಿನ ಬಗ್ಗೆ ಒಂದು ಪ್ರಬಂಧ ಇಟ್ಟ. ಅವನು ಅನುಸರಿಸಿದ ದಾರಿ ನೋಡಿ. ತನ್ನ ಶಾಪಿನ ಥ್ರೆಡ್ಡೇ ಸರಿ, ಎಲ್ಲರೂ ಅದನ್ನೇ ಬಳಸಿ ಎಂದು ಹೇಳಲಿಲ್ಲ. ಹಾಗೆ ಹೇಳಿದ್ದರೆ ಯಾರೂ ಒಪ್ಪುತ್ತಿರಲಿಲ್ಲ. ಇಂಗ್ಲೆಂಡಿನ ದೊಡ್ಡ ದೊಡ್ಡ ವರ್ಕ್‌ಶಾಪುಗಳಲ್ಲಿ ಬಳಸುತ್ತಿದ್ದ ಬೋಲ್ಟುಗಳನ್ನು ತರಿಸಿದ, ಒಂದೊಂದನ್ನೂ ಅಳೆದ, ಸರಾಸರಿ ತೆಗೆದ. ಥ್ರೆಡ್ಡಿನ ಎರಡು ಇಳಿಜಾರುಗಳ ನಡುವಿನ ಕೋನ ಸರಾಸರಿಯಲ್ಲಿ 55 ಡಿಗ್ರಿ ಹತ್ತಿರ ಬಂತು, ಅದನ್ನೇ ಎಲ್ಲ ಸೈಜಿಗೂ ಇಟ್ಟ. ಕಾಲು ಇಂಚಿನ ಬೋಲ್ಟಿಗೆ ಇಂಚಿಗೆ 20 ಥ್ರೆಡ್, ಅರ್ಧ ಇಂಚಿಗೆ 12, ಒಂದು ಇಂಚಿಗೆ 8. ತುದಿ ಮತ್ತು ಬುಡ ಚೂಪಾಗಿರಬಾರದು, ಎರಡೂ ಕಡೆ ಉರುಟಾಗಿರಬೇಕು. ಚೂಪು ತುದಿ ಬೇಗ ಮುರಿಯುತ್ತದೆ, ಚೂಪು ಬುಡದಿಂದಲೇ ಬಿರುಕು ಶುರುವಾಗುತ್ತದೆ.

ಅದು ಯಾರ ಥ್ರೆಡ್ಡೂ ಆಗಿರಲಿಲ್ಲ, ಎಲ್ಲರ ಥ್ರೆಡ್ಡಿಗೂ ಹತ್ತಿರವಿತ್ತು. ಹಾಗಾಗಿ ಯಾರಿಗೂ ಸೋತ ಹಾಗೆ ಅನಿಸಲಿಲ್ಲ. ರೈಲ್ವೆಗಳು ಒಪ್ಪಿಕೊಂಡವು. 1860ರ ಹೊತ್ತಿಗೆ ಬ್ರಿಟನ್ನಿನ ಬಹುತೇಕ ವರ್ಕ್‌ಶಾಪುಗಳಲ್ಲಿ ಅದೇ ರೂಢಿಯಾಯಿತು. ಕಾನೂನು ಮಾಡಿ ಯಾರೂ ಹೇರಿದ್ದಲ್ಲ.

ಲೆಕ್ಕ ಕೊಟ್ಟರೆ ಸಾಕೇ? ಎಲ್ಲರೂ ಅದನ್ನು ಒಂದೇ ಥರ ಅಳೆಯಬೇಕಲ್ಲ. ಅದಕ್ಕೆ ಅವನು ಅಳತೆಯ ಯಂತ್ರವನ್ನು ಮಾಡಿದ. ಆ ಯಂತ್ರದ ಲೆಕ್ಕ ಕೇಳಿದರೆ ನಮ್ಮಂಥವರಿಗೆ ಖುಷಿಯಾಗುತ್ತದೆ. ಒಂದು ಸ್ಕ್ರೂ, ಇಂಚಿಗೆ 20 ಥ್ರೆಡ್. ಅದಕ್ಕೆ 200 ಹಲ್ಲಿನ ಒಂದು ಚಕ್ರ. ಅದನ್ನು ತಿರುಗಿಸುವ ಇನ್ನೊಂದು ಚಕ್ರದ ಅಂಚಿಗೆ 250 ಗೆರೆ. 20ನ್ನು 200ರಿಂದ, ಅದನ್ನು 250ರಿಂದ ಗುಣಿಸಿ ನೋಡಿ, ಹತ್ತು ಲಕ್ಷ ಬರುತ್ತದೆ. ಅಂದರೆ ಒಂದು ಗೆರೆ ತಿರುಗಿಸಿದರೆ ಇಂಚಿನ ಹತ್ತು ಲಕ್ಷದಲ್ಲೊಂದು ಭಾಗ ಚಲನೆ. ಅದನ್ನು ಕಣ್ಣಿನಿಂದ ಕಾಣಲು ಆಗುವುದಿಲ್ಲ, ಹಾಗಾಗಿ ನಡುವೆ ಒಂದು ಸಣ್ಣ ಲೋಹದ ಹಾಳೆ ಇಡುತ್ತಿದ್ದ. ಒಂದು ಗೆರೆ ಬಿಗಿದರೆ ಹಾಳೆ ನಿಲ್ಲುತ್ತದೆ, ಒಂದು ಗೆರೆ ಸಡಿಲಿಸಿದರೆ ಬೀಳುತ್ತದೆ. ಸ್ಪರ್ಶವನ್ನೇ ಅಳತೆ ಮಾಡಿಕೊಂಡ. 1851ರಲ್ಲಿ ಲಂಡನ್ನಿನ ಮಹಾ ಪ್ರದರ್ಶನದಲ್ಲಿ ಈ ಯಂತ್ರವನ್ನು ಜನ ನಿಂತು ನೋಡಿದರು.

ಯುದ್ಧ, ಬಂದೂಕು, ಮನೆ

ಒಂದೇ ಲೆಕ್ಕದ ಬೆಲೆ ಏನು ಎಂಬುದು ಕ್ರಿಮಿಯಾ ಯುದ್ಧದಲ್ಲಿ ಗೊತ್ತಾಯಿತು. ಬ್ರಿಟಿಷ್ ನೌಕಾಪಡೆಗೆ ಸಣ್ಣ ಯುದ್ಧದೋಣಿಗಳಿಗೆ ಸುಮಾರು ತೊಂಬತ್ತು ಎಂಜಿನ್ ತುರ್ತಾಗಿ ಬೇಕಾಯಿತು. ಒಂದೇ ಕಾರ್ಖಾನೆಯಿಂದ ಆಗುವ ಕೆಲಸ ಅಲ್ಲ. ಜಾನ್ ಪೆನ್ ಎಂಬ ಎಂಜಿನ್ ತಯಾರಕ ಒಂದು ಎಂಜಿನ್ನನ್ನು ಬಿಚ್ಚಿ ಅದರ ಭಾಗಗಳನ್ನು ಮಾದರಿಯಾಗಿ ಬೇರೆ ಬೇರೆ ಶಾಪುಗಳಿಗೆ ಹಂಚಿದ. ಎಲ್ಲರ ಹತ್ತಿರವೂ ವಿಟ್‌ವರ್ತನ ಥ್ರೆಡ್, ಅವನ ಗೇಜ್ ಇದ್ದವು. ಎಲ್ಲೆಲ್ಲೋ ಮಾಡಿದ ಭಾಗಗಳು ಒಂದೆಡೆ ಬಂದು ಕೂತವು. ಹದಿನೈದು ವರ್ಷ ಮೊದಲಾಗಿದ್ದರೆ ಇದು ನಡೆಯುವ ಮಾತಾಗಿರಲಿಲ್ಲ.

ಅದೇ ಯುದ್ಧದ ಸಮಯದಲ್ಲಿ ಸರಕಾರ ಅವನನ್ನು ಬಂದೂಕಿನ ಕೆಲಸಕ್ಕೂ ಕರೆಯಿತು. ಒಳಗೆ ಆರು ಮೂಲೆಯ ಕೊಳವೆಯಿದ್ದ ಅವನ ರೈಫಲ್ ಗುರಿಯಲ್ಲಿ ಸೈನ್ಯದ ರೈಫಲನ್ನು ಸೋಲಿಸಿತು. ಆದರೂ ಸರಕಾರ ಅದನ್ನು ತೆಗೆದುಕೊಳ್ಳಲಿಲ್ಲ. ಅವನು ಅಧಿಕಾರಿಗಳ ಜೊತೆ ವರ್ಷಗಟ್ಟಲೆ ಜಗಳವಾಡಿದ. ಆ ರೈಫಲ್ ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದವರ ಗುರಿಕಾರರ ಕೈಗೆ ಹೋಯಿತು. ಮುಂದೆ ಅವನು ಫಿರಂಗಿಗಳನ್ನೂ ಮಾಡಿದ. ಅವುಗಳ ಕೊಳವೆಯಲ್ಲಿ ಗಾಳಿಗುಳ್ಳೆ ಉಳಿಯಬಾರದೆಂದು ಕರಗಿದ ಉಕ್ಕನ್ನೇ ಒತ್ತಡದಲ್ಲಿ ಹಿಂಡುವ ವಿಧಾನ ಕಂಡುಹಿಡಿದ. ನಮ್ಮ ನಟ್ಟು-ಬೋಲ್ಟಿನ ಮನುಷ್ಯ ಕೊಲ್ಲುವ ಸಾಮಾನಿನಿಂದಲೂ ದುಡ್ಡು ಮಾಡಿದ ಎಂಬುದನ್ನು ಮುಚ್ಚಿಡುವುದು ಸರಿಯಲ್ಲ.

ಸ್ವಭಾವದಲ್ಲಿ ಅವನು ಸುಲಭದವನಲ್ಲ. ಇನ್ನೊಬ್ಬರ ತಪ್ಪು ಅಳತೆಯನ್ನು ಸಹಿಸದವನಿಗೆ ಇನ್ನೊಬ್ಬರ ತಪ್ಪು ಮಾತನ್ನು ಸಹಿಸುವುದೂ ಕಷ್ಟ. ಡರ್ಬಿಶೈರಿನ ಡಾರ್ಲಿ ಡೇಲ್ ಎಂಬಲ್ಲಿ ದೊಡ್ಡ ಮನೆ ಕಟ್ಟಿಸಿದ. ಅಲ್ಲಿ ಬಿಲಿಯರ್ಡ್ಸ್ ಮೇಜು ಕೂಡ ಕಬ್ಬಿಣದ್ದು, ಅದರ ಸಪಾಟಿಗೆ ಅದು ಹೆಸರುವಾಸಿ. ಆದರೆ ಕುದುರೆ ಗಾಡಿಯಲ್ಲಿ ಅವನ ಜೊತೆ ಲಂಡನ್ನಿಗೆ ಬಂದ ಫ್ಯಾನಿ ಕೊನೆಯ ವರ್ಷಗಳಲ್ಲಿ ಅವನ ಜೊತೆ ಇರಲಿಲ್ಲ, ಬೇರೆ ಮನೆಯಲ್ಲಿದ್ದಳು. ಮಕ್ಕಳಿರಲಿಲ್ಲ. 1870ರಲ್ಲಿ ಅವಳು ತೀರಿಕೊಂಡಳು. ಮರುವರ್ಷ ಅವನು ಇನ್ನೊಂದು ಮದುವೆಯಾದ. ಮನೆಯವರಿಂದ ದೂರ ಕೂತು ಇದನ್ನು ಓದುವ ನಮಗೆ ಇದರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಎಷ್ಟು ದುಡಿದರೂ ಕೆಲವು ಜೋಡಣೆಗಳನ್ನು ವರ್ಷಕ್ಕೊಮ್ಮೆ ಬಿಗಿದರೆ ಸಾಲದು.

ಕೈಕೆಲಸ ಬಲ್ಲವರಿಗೆ ವಿದ್ಯಾರ್ಥಿವೇತನ

1868ರಲ್ಲಿ ಅವನು ಮಾಡಿದ ಒಂದು ಕೆಲಸ ಅವನ ಬೇರೆ ಎಲ್ಲ ಯಂತ್ರಗಳಿಗಿಂತ ದೊಡ್ಡದು ಅಂತ ನನಗೆ ಅನಿಸುತ್ತದೆ. ಬಡ ಕೆಲಸಗಾರರ ಮಕ್ಕಳೂ ಇಂಜಿನಿಯರಿಂಗ್ ಓದಲಿ ಎಂದು ವರ್ಷಕ್ಕೆ 100 ಪೌಂಡಿನ 30 ವಿದ್ಯಾರ್ಥಿವೇತನಗಳಿಗೆ ಹಣ ಇಟ್ಟ. ಪರೀಕ್ಷೆಯಲ್ಲಿ ಗಣಿತ, ವಿಜ್ಞಾನ ಮಾತ್ರ ಅಲ್ಲ, ಅರ ಹಿಡಿಯುವುದು, ಲೇತ್ ನಡೆಸುವುದು, ಕಮ್ಮಾರಿಕೆ ಕೂಡ ಇತ್ತು. ಓದಿದವನಿಗೆ ಕೈ ಬರಬೇಕು, ಕೈ ಬಲ್ಲವನಿಗೆ ಓದು ಬರಬೇಕು, ಎರಡರಲ್ಲಿ ಒಂದು ಸಾಲದು ಎಂಬುದು ಅವನ ಲೆಕ್ಕ. ಆ ವಿದ್ಯಾರ್ಥಿವೇತನ ಇವತ್ತಿಗೂ ನಡೆಯುತ್ತಿದೆ. 1869ರಲ್ಲಿ ಸರ್ಕಾರ ಅವನಿಗೆ ಸರ್ ಪದವಿ ಕೊಟ್ಟಿತು. 1874ರಲ್ಲಿ ತನ್ನ ಕಾರ್ಖಾನೆಯನ್ನು ಕಂಪೆನಿ ಮಾಡಿದಾಗ ಫೋರ್‌ಮನ್‌ಗಳಿಗೂ ಕೆಲಸಗಾರರಿಗೂ ಶೇರು ಹಿಡಿಯಲು ದಾರಿ ಮಾಡಿಕೊಟ್ಟ.

ಆರೋಗ್ಯ ಕೆಟ್ಟ ಮೇಲೆ ಚಳಿಗಾಲ ಕಳೆಯಲು ಮೆಡಿಟರೇನಿಯನ್ ತೀರಕ್ಕೆ ಹೋಗುತ್ತಿದ್ದ. 1887ರ ಜನವರಿ 22ರಂದು ಮಾಂಟೆ ಕಾರ್ಲೋದಲ್ಲಿ ತೀರಿಕೊಂಡ. ದೇಹವನ್ನು ಊರಿಗೆ ತಂದು ಡಾರ್ಲಿ ಡೇಲಿನ ಚರ್ಚಿನ ಅಂಗಳದಲ್ಲಿ ಮಣ್ಣು ಮಾಡಿದರು. ಅವನ ಆಸ್ತಿಯ ದೊಡ್ಡ ಭಾಗ ಸಾರ್ವಜನಿಕ ಕೆಲಸಕ್ಕೆ ಹೋಯಿತು. ಮ್ಯಾಂಚೆಸ್ಟರಿನಲ್ಲಿ ಅವನ ಹೆಸರಿನ ಕಲಾ ಗ್ಯಾಲರಿ ಇದೆ, ಪಾರ್ಕು ಇದೆ. ಅಲ್ಲಿನ ಪ್ರಸಿದ್ಧ ಕ್ಯಾನ್ಸರ್ ಆಸ್ಪತ್ರೆ ಕ್ರಿಸ್ಟಿ ಶುರುವಾದದ್ದರಲ್ಲೂ ಅವನ ಹಣದ ಪಾಲಿದೆ.

ನಮ್ಮ ಕೈಯಲ್ಲಿ ಇನ್ನೂ ತಿರುಗುವ ಥ್ರೆಡ್

ವಿಟ್‌ವರ್ತನ ಲೆಕ್ಕ ಇಡೀ ಜಗತ್ತಿಗೆ ಒಂದೇ ಆಗಿ ಉಳಿಯಲಿಲ್ಲ. 1864ರಲ್ಲಿ ಅಮೆರಿಕದ ವಿಲಿಯಂ ಸೆಲ್ಲರ್ಸ್ 60 ಡಿಗ್ರಿಯ, ತುದಿ ಚಪ್ಪಟೆ ಇರುವ ಇನ್ನೊಂದು ಥ್ರೆಡ್ ಮುಂದಿಟ್ಟ. ಅದನ್ನು ಮಾಡುವುದು ಸುಲಭ. ಅಮೆರಿಕ ಆ ಕಡೆ ಹೋಯಿತು. ಅರ್ಧ ಇಂಚಿನ ಬೋಲ್ಟು ಅಲ್ಲಿ ಇಂಚಿಗೆ 13 ಥ್ರೆಡ್, ಇಲ್ಲಿ 12. ಎರಡನೇ ಮಹಾಯುದ್ಧದಲ್ಲಿ ಮಿತ್ರ ದೇಶಗಳ ಟ್ಯಾಂಕು, ವಿಮಾನಗಳ ರಿಪೇರಿಯಲ್ಲಿ ಇದು ದೊಡ್ಡ ತಲೆನೋವಾಯಿತು. 1948ರಲ್ಲಿ ಬ್ರಿಟನ್, ಅಮೆರಿಕ, ಕೆನಡಾ ಸೇರಿ 60 ಡಿಗ್ರಿಯ ಒಂದು ಥ್ರೆಡ್ ಒಪ್ಪಿಕೊಂಡವು. ಆಮೇಲೆ ಮೆಟ್ರಿಕ್ ಬಂತು. ನಮ್ಮ ಊರಲ್ಲಿ ಮಾತ್ರ ಬಿ.ಎಸ್.ಡಬ್ಲ್ಯೂ. ಬೋಲ್ಟು ಈಗಲೂ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಹಳೇ ಬುಲೆಟ್ ಬೈಕು ರಿಪೇರಿ ಮಾಡಿದವರಿಗೆ ವಿಟ್‌ವರ್ತ್ ಸ್ಪಾನರ್ ಬೇರೆಯೇ ಇರುತ್ತದೆ ಎಂಬುದು ಗೊತ್ತು.

ಗಲ್ಫಿನಲ್ಲಿ ಇರುವ ನಮಗೆ ಅವನು ದಿನಾ ಸಿಗುವುದು ಪೈಪಿನಲ್ಲಿ. ನೀರಿನ ನಲ್ಲಿ, ವಾಲ್ವುಗಳಲ್ಲಿ ಬರುವ ಬಿ.ಎಸ್.ಪಿ. ಥ್ರೆಡ್ ಇದೆಯಲ್ಲ, ಅದು ಅವನ 55 ಡಿಗ್ರಿಯದ್ದೇ. ತೈಲದ ಪ್ಲಾಂಟುಗಳಲ್ಲಿ, ಅಮೆರಿಕನ್ ಯಂತ್ರಗಳಲ್ಲಿ ಬರುವುದು ಎನ್.ಪಿ.ಟಿ., ಅದು 60 ಡಿಗ್ರಿ. ಅಪಾಯ ಇರುವುದು ಇಲ್ಲೇ. ಅರ್ಧ ಇಂಚು ಮತ್ತು ಮುಕ್ಕಾಲು ಇಂಚಿನಲ್ಲಿ ಎರಡಕ್ಕೂ ಇಂಚಿಗೆ 14 ಥ್ರೆಡ್. ಹಾಗಾಗಿ ಒಂದರೊಳಗೆ ಇನ್ನೊಂದು ಹೋಗುತ್ತದೆ. ಕೆಲವು ಸುತ್ತು ತಿರುಗಿ ಬಿಗಿಯಾದ ಹಾಗೆ ನಿಲ್ಲುತ್ತದೆ. ಟೆಫ್ಲಾನ್ ಟೇಪ್ ದಪ್ಪಗೆ ಸುತ್ತಿದರೆ ಆ ದಿನ ಟೆಸ್ಟಿನಲ್ಲಿ ಲೀಕ್ ಕೂಡ ಕಾಣದೆ ಹೋಗಬಹುದು. ಬಿಸಿ-ತಂಪು ಆದ ಹಾಗೆ, ಲೈನ್ ಅದುರಿದ ಹಾಗೆ ಅದು ಬಿಡುತ್ತದೆ. ನೀರಾದರೆ ನೆಲ ಒದ್ದೆ. ಗ್ಯಾಸ್, ಸ್ಟೀಮ್, ಒತ್ತಡದ ಗಾಳಿ ಆದರೆ ಎದುರಿಗೆ ನಿಂತವನ ಜೀವದ ಪ್ರಶ್ನೆ. ಒಂದು ಥ್ರೆಡ್ ಗೇಜ್ ಜೇಬಿನಲ್ಲಿ ಇಟ್ಟುಕೊಳ್ಳಿ, ಸಣ್ಣ ಖರ್ಚು. ಹಲ್ಲು ಥ್ರೆಡ್ಡಿನ ಒಳಗೆ ಬೆಳಕು ಕಾಣದ ಹಾಗೆ ಕೂತರೆ ಸರಿ. ಬೆಳಕು ಕಂಡರೆ ಬಿಗಿಯಲು ಹೋಗಬೇಡಿ, ಸೂಪರ್‌ವೈಸರಿಗೆ ಹೇಳಿ, ಅಡಾಪ್ಟರ್ ಕೇಳಿ.

ಮತ್ತೆ ಮತ್ತೆ ಲೂಸ್ ಆಗುವ ಬೋಲ್ಟಿನ ವಿಷಯಕ್ಕೂ ಇದೇ ಮಾತು. ಬಿಗಿದ ಬೋಲ್ಟು ಒಂದು ಗಟ್ಟಿ ಸ್ಪ್ರಿಂಗ್ ಇದ್ದ ಹಾಗೆ. ಕೂದಲೆಳೆಯಷ್ಟು ಉದ್ದವಾಗಿ ಎಳೆದುಕೊಂಡು ನಿಂತಿರುತ್ತದೆ, ಆ ಎಳೆತವೇ ಅದರ ಹಿಡಿತ. ಥ್ರೆಡ್ ಸರಿ ಇಲ್ಲದಿದ್ದರೆ, ಕೆಳಗೆ ಪೇಂಟು, ತುಕ್ಕು, ಮರಳು, ಒಂದರ ಮೇಲೊಂದು ವಾಷರ್ ಇದ್ದರೆ, ಅವು ಕುಸಿದ ಹಾಗೆ ಎಳೆತ ಹೋಗುತ್ತದೆ. ಜೋಡಣೆಯ ಎರಡು ಮುಖ ಅಡ್ಡಡ್ಡ ಜಾರುತ್ತಿದ್ದರೆ ನಟ್ಟು ತಾನಾಗಿ ತಿರುಗಿ ಬರುತ್ತದೆ. 1969ರಲ್ಲಿ ಜರ್ಮನಿಯ ಗೆರ್ಹಾರ್ಡ್ ಯುಂಕರ್ ಇದನ್ನು ಪ್ರಯೋಗದಲ್ಲಿ ತೋರಿಸಿದ. ಇಂಥ ಕಡೆ ಸಾದಾ ಸ್ಪ್ರಿಂಗ್ ವಾಷರ್ ಹೆಚ್ಚು ಕೆಲಸ ಮಾಡುವುದಿಲ್ಲ. ಮುಖ ಸ್ವಚ್ಛ ಮಾಡಿ, ಹಾಳಾದ ಬೋಲ್ಟು ಬದಲಿಸಿ, ಕಂಪೆನಿ ಹೇಳಿದ ಟಾರ್ಕಿಗೆ ಟಾರ್ಕ್ ರೆಂಚಿನಲ್ಲೇ ಬಿಗಿಯಿರಿ. ಥ್ರೆಡ್‌ಲಾಕರ್ ಅಥವಾ ವೆಜ್ ಲಾಕ್ ವಾಷರ್ ಬೇಕಾದಲ್ಲಿ ಹಾಕಿ. ಹಾಕಿದ ಮೇಲೆ ನಟ್ಟಿನಿಂದ ಪ್ಲೇಟಿಗೆ ಪೇಂಟಿನಲ್ಲಿ ಒಂದು ಗೆರೆ ಎಳೆಯಿರಿ. ಮುಂದಿನ ರೌಂಡಿನಲ್ಲಿ ಗೆರೆ ತುಂಡಾಗಿ ಕಂಡರೆ ನಟ್ಟು ತಿರುಗಿದೆ ಎಂದು ದೂರದಿಂದಲೇ ಗೊತ್ತಾಗುತ್ತದೆ. ಗೆರೆ ನೆಟ್ಟಗಿದ್ದೂ ಸಡಿಲ ಬಂದಿದ್ದರೆ ನಟ್ಟು ತಿರುಗಿಲ್ಲ, ಕೆಳಗಿನ ಜಾಗ ಕುಸಿದಿದೆ ಎಂದು ಅರ್ಥ. ಎರಡಕ್ಕೂ ಮದ್ದು ಬೇರೆ ಬೇರೆ.

ಶಿಫ್ಟ್ ಮುಗಿಯಲು ಅರ್ಧ ಗಂಟೆ ಇರುವಾಗ, ಐವತ್ತು ಡಿಗ್ರಿ ಬಿಸಿಲಲ್ಲಿ, ಇಷ್ಟೆಲ್ಲ ನೋಡುವುದಕ್ಕೆ ಯಾರಿಗೆ ಪುರುಸೊತ್ತು ಅಂತ ನೀವು ಕೇಳಬಹುದು. ನಿಜ. ಆದರೆ ಅದೇ ಬೋಲ್ಟಿಗೆ ಮೂರನೇ ಸಲ ಏಣಿ ಹತ್ತುವಾಗಲಾದರೂ ಸ್ಪಾನರ್ ಕೆಳಗಿಟ್ಟು ಒಂದು ಸಲ ನೋಡಿ. ವಿಟ್‌ವರ್ತ್ ಮಾಡಿದ್ದೂ ಇಷ್ಟೇ.